ಮ್ಯೂನಿಕ್‌ನಿಂದ ಸ್ಟೆಲ್ವಿಯೊ: ಬಾಡಿಗೆ ಬೈಕ್, ನಾಲ್ಕು ದೇಶ, ಎಲ್ಲೆಲ್ಲಿ ಎಷ್ಟು ಸ್ಪೀಡು?

ಘಾಟಿರಸ್ತೆ

ಜುಲೈ ಮೊದಲ ವಾರ ಮ್ಯೂನಿಕ್‌ನಲ್ಲಿ ಬೈಕ್ ಬಾಡಿಗೆಗೆ ಹಿಡಿದು ಎಂಟು ದಿನದ ಸುತ್ತು ಹಾಕುವ ಯೋಜನೆ. ಇಬ್ಬರು, ಎರಡು ಬೈಕು. ಶನಿವಾರ ಬೆಳಿಗ್ಗೆ ಹೊರಟು ಕೊಖೆಲ್, ವಾಲ್ಖೆನ್ ಸರೋವರ, ಗಾರ್ಮಿಶ್, ರೊಯಿಟ್ಟೆ, ಹಾನ್‌ಟೆನ್‌ಯೋಖ್, ಇನ್ಸ್‌ಬ್ರುಕ್. ಅಲ್ಲಿಂದ ಬ್ರೆನ್ನರ್ ದಾಟಿ ಇಟಲಿ. ಸ್ಟೆಲ್ವಿಯೊ ಘಾಟಿ ಹತ್ತಿ ಉಂಬ್ರೈಲ್ ಘಾಟಿ ಮೂಲಕ ಸ್ವಿಟ್ಜರ್ಲೆಂಡಿಗೆ ಇಳಿದು, ದಾವೋಸ್, ಬ್ರೆಗೆನ್ಸ್, ವಾಪಸ್ ಮ್ಯೂನಿಕ್.

ಪ್ರಶ್ನೆಗಳು: ನಾಲ್ಕು ದೇಶದ ವೇಗಮಿತಿಯ ಪಟ್ಟಿ ಯಾರಾದರೂ ಕೊಡ್ತೀರಾ? ಟ್ಯಾಂಕ್ ಬ್ಯಾಗ್ ಮೇಲೆ ಅಂಟಿಸಿಕೊಳ್ತೀವಿ. ಮ್ಯಾಪ್ ತೋರಿಸುವ ಮಿತಿ ನಂಬಬಹುದಾ? ನಮ್ಮ ಆರ್‌ಟಿಒ ಕೊಡುವ ಐಡಿಪಿ (ಅಂತರರಾಷ್ಟ್ರೀಯ ಚಾಲನಾ ಪರವಾನಗಿ) ಸಾಕಾ? ಬಲಗಡೆ ಓಡಿಸುವುದು ಇದೇ ಮೊದಲು.

ಬಲಪಥ

ಪಟ್ಟಿ ಇಲ್ಲಿದೆ, ಎಲ್ಲವೂ ಕಿಲೋಮೀಟರ್ ಲೆಕ್ಕ.

ಜರ್ಮನಿ: ಊರೊಳಗೆ 50, ಊರಾಚೆ 100. ಮೋಟಾರುಹಾದಿಯಲ್ಲಿ, ಅಂದರೆ ಆಟೋಬಾನ್‌ನಲ್ಲಿ ಬೋರ್ಡ್ ಇಲ್ಲದ ಕಡೆ ಮಿತಿಯಿಲ್ಲ, 130 ಶಿಫಾರಸು.
ಆಸ್ಟ್ರಿಯಾ: 50, 100, ಮೋಟಾರುಹಾದಿಯಲ್ಲಿ 130.
ಇಟಲಿ: 50, 90, ನಡುವೆ ಡಿವೈಡರ್ ಇರುವ ದೊಡ್ಡ ರಸ್ತೆಯಲ್ಲಿ 110, ಮೋಟಾರುಹಾದಿ ಆಟೋಸ್ಟ್ರಾಡಾದಲ್ಲಿ 130. ಮಳೆ ಬಿದ್ದರೆ ಕೊನೆಯ ಎರಡು 90 ಮತ್ತು 110ಕ್ಕೆ ಇಳಿಯುತ್ತವೆ.
ಸ್ವಿಟ್ಜರ್ಲೆಂಡ್: 50, 80, ಎಕ್ಸ್‌ಪ್ರೆಸ್ ರಸ್ತೆ 100, ಮೋಟಾರುಹಾದಿ 120.

ಅಂಟಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ದಂಡ ಕಟ್ಟುವವರಲ್ಲಿ ಹೆಚ್ಚಿನವರಿಗೆ ಈ ಅಂಕಿಗಳು ಬಾಯಿಪಾಠವೇ ಇರುತ್ತವೆ. ಅವರಿಗೆ ಗೊತ್ತಿಲ್ಲದ್ದು 50 ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು. ಅದನ್ನು ಹೇಳುವ ಬೋರ್ಡಿನ ಮೇಲೆ ಎಷ್ಟೋ ಸಲ ಅಂಕಿಯೇ ಇರುವುದಿಲ್ಲ.

ಜರ್ಮನಿಯನ್ನೇ ನೋಡಿ. ಹಳ್ಳಿ ಬರುತ್ತಿದೆ. ರಸ್ತೆ ಪಕ್ಕದಲ್ಲಿ ಆಯತಾಕಾರದ ಹಳದಿ ಹಲಗೆ, ಅದರ ಮೇಲೆ ಕಪ್ಪಕ್ಷರದಲ್ಲಿ ಊರ ಹೆಸರು. 50 ಅಂತ ಎಲ್ಲೂ ಬರೆದಿಲ್ಲ. ಆ ಹಲಗೆಯೇ ಮಿತಿ. ಅದನ್ನು ದಾಟುವ ಹೊತ್ತಿಗೆ ನೀವು 50ಕ್ಕೆ ಇಳಿದಿರಬೇಕು, ದಾಟಿದ ಮೇಲೆ ಬ್ರೇಕ್ ಹಿಡಿಯುವುದಲ್ಲ. ಊರು ಮುಗಿಯುವಲ್ಲಿ ಅದೇ ಹಳದಿ ಹಲಗೆಯಲ್ಲಿ ಊರ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿರುತ್ತದೆ. ಅಲ್ಲಿಂದ ಮುಂದೆ 100. ಮನೆಗಳು ಮುಗಿದು ಎರಡೂ ಕಡೆ ಹೊಲ ಶುರುವಾದರೂ ಆ ಗೆರೆ ಕಾಣುವ ತನಕ ಥ್ರಾಟಲ್ ತಿರುಗಿಸಬೇಡಿ.

ಇದರ ಜೊತೆಗೆ ಹಸಿರು ಹಲಗೆ ಮೇಲೆ ಹಳದಿ ಅಕ್ಷರದ ಇನ್ನೊಂದು ಬೋರ್ಡ್ ಬರುತ್ತದೆ. ನಾಲ್ಕು ಮನೆಯ ಕೇರಿಗೆ ಹಾಕುವುದು. ಅದು ಬರೀ ಹೆಸರು, 50 ಅಲ್ಲಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಮೋಸ ಮಾಡುವ ಬೋರ್ಡು: ಬಿಳಿ ವೃತ್ತ, ಓರೆಯಾಗಿ ಕಪ್ಪು ಗೆರೆಗಳು, ಅಂಕಿ ಇಲ್ಲ. ಹಿಂದಿನ ನಿರ್ಬಂಧಗಳೆಲ್ಲ ಮುಗಿದವು ಎಂದರ್ಥ. ಆಟೋಬಾನ್‌ನಲ್ಲಿ ಕಂಡರೆ ಹೌದು, ಮಿತಿಯಿಲ್ಲ. ಎರಡು ಲೇನಿನ ಹಳ್ಳಿರಸ್ತೆಯಲ್ಲಿ ಕಂಡರೆ ಮತ್ತೆ 100 ಅಷ್ಟೇ. 'ಇನ್ನು ಎಷ್ಟಾದರೂ ಓಡಿಸಬಹುದು' ಅಂತ ಓದಿಕೊಂಡವರು ನೇರ ಲೇಸರ್ ಗನ್ನಿಗೆ ಸಿಗುತ್ತಾರೆ.

130 ಶಿಫಾರಸು ಅಂದರೆ ಅಲಂಕಾರಕ್ಕೆ ಹಾಕಿದ್ದಲ್ಲ. 1978ರಿಂದ ಇದೆ. ಅದಕ್ಕಿಂತ ಜೋರಾಗಿದ್ದು ಅಪಘಾತವಾದರೆ, ತಪ್ಪು ಎದುರಿನವರದೇ ಆದರೂ ಹೊಣೆಯಲ್ಲಿ ನಿಮಗೂ ಪಾಲು ಬರಬಹುದು.

ಟಿರೋಲ್ ಮಳೆ

ನಿಮ್ಮ ಯೋಜನೆಯ ಮೊದಲ ಎಪ್ಪತ್ತು ಕಿಲೋಮೀಟರಿನಲ್ಲೇ ತಪ್ಪಿದೆ. ಕೊಖೆಲ್‌ನಿಂದ ವಾಲ್ಖೆನ್ ಸರೋವರಕ್ಕೆ ಹತ್ತುವ ರಸ್ತೆಗೆ ಕೆಸ್ಸೆಲ್‌ಬರ್ಗ್ ಅಂತಾರೆ. ಶನಿವಾರ, ಭಾನುವಾರ, ಸರ್ಕಾರಿ ರಜೆ ದಿನ ಆ ಏರಿನಲ್ಲಿ ಮೋಟಾರ್‌ಸೈಕಲ್ ನಿಷೇಧ. ಇಳಿಯಬಹುದು, ಹತ್ತುವಂತಿಲ್ಲ. ಕೆಂಪು ವೃತ್ತದೊಳಗೆ ಬೈಕಿನ ಚಿತ್ರ, ಕೆಳಗೆ ದಿನಗಳನ್ನು ಬರೆದ ಚಿಕ್ಕ ಬಿಳಿ ಪಟ್ಟಿ. ಆ ಪಟ್ಟಿಯನ್ನು ಓದದೆ ಹೋದರೆ ಅರ್ಥವೇ ಆಗಲ್ಲ. ಮ್ಯಾಪ್‌ಗೆ ನೀವು ಕಾರಿನಲ್ಲಿದ್ದೀರೋ ಬೈಕಿನಲ್ಲಿದ್ದೀರೋ ಗೊತ್ತಾಗುವುದಿಲ್ಲ, ಅದು ನೇರ ಅಲ್ಲಿಗೇ ಕಳಿಸುತ್ತದೆ. ಶುಕ್ರವಾರ ಹೊರಡಿ, ಇಲ್ಲವೇ ಆಟೋಬಾನ್ 95 ಹಿಡಿದು ಗಾರ್ಮಿಶ್‌ಗೆ ಹೋಗಿ.

ಎರಡನೆಯದು ಇನ್ನೂ ಮುಖ್ಯ. ಆಸ್ಟ್ರಿಯಾದ ರೊಯಿಟ್ಟೆ ಸುತ್ತಲಿನ ಲೆಖ್ ಕಣಿವೆ, ಹಾನ್‌ಟೆನ್‌ಯೋಖ್, ನಾಮ್ಲೋಸ್ ರಸ್ತೆಗಳಲ್ಲಿ 2020ರಿಂದ ಬೇಸಿಗೆ ಕಾಲಕ್ಕೆ ಶಬ್ದದ ಮಿತಿ ಇದೆ: ನಿಂತಲ್ಲಿ ಅಳೆದ ಶಬ್ದ 95 ಡೆಸಿಬೆಲ್ ಮೀರುವ ಬೈಕಿಗೆ ಪ್ರವೇಶವಿಲ್ಲ. ನೀವು ಮೆಲ್ಲಗೆ ಓಡಿಸುತ್ತೀರಾ, ಸೈಲೆನ್ಸರ್ ಕಂಪನಿಯದ್ದೇನಾ ಅನ್ನುವುದು ಲೆಕ್ಕಕ್ಕಿಲ್ಲ. ನೋಂದಣಿ ಪತ್ರದಲ್ಲಿ ಯು.1 ಎಂಬ ಕಲಂನಲ್ಲಿ ಬರೆದಿರುವ ಅಂಕಿಯೇ ಸಾಕ್ಷಿ. ಶೋರೂಮಿನಿಂದ ಬಂದ ಹಾಗೇ ಇರುವ ಕೆಲವು ದೊಡ್ಡ ಬೈಕುಗಳಲ್ಲೂ ಅದು 96, 97 ಇರುತ್ತದೆ. ಬಾಡಿಗೆ ಬುಕ್ ಮಾಡುವ ಮುಂಚೆ ಮೇಲ್ ಹಾಕಿ 'ಯು.1 ಎಷ್ಟು' ಅಂತ ಕೇಳಿ. 'ಇದೇ ಮಾದರಿ ಅಥವಾ ಇದಕ್ಕೆ ಸಮನಾದದ್ದು' ಅಂತ ಒಪ್ಪಂದದಲ್ಲಿ ಇದ್ದರೆ ಕೌಂಟರಿನಲ್ಲಿ ಬೇರೆ ಬೈಕ್ ಕೈಗೆ ಬರುತ್ತದೆ, ಆಗ ಮತ್ತೆ ನೋಡಿ.

ಘಾಟಿರಸ್ತೆ

ಅಯ್ಯೋ, ಶನಿವಾರದ ವಿಷಯ ಗೊತ್ತೇ ಇರಲಿಲ್ಲ. ಶುಕ್ರವಾರಕ್ಕೆ ಬದಲಾಯಿಸ್ತೀವಿ. ಯು.1 ಕೂಡ ಕೇಳ್ತೀನಿ. ಹಾಗಾದರೆ ಮ್ಯಾಪಿನ ಸ್ಪೀಡ್ ಮಿತಿ ನಂಬುವ ಹಾಗೇ ಇಲ್ವಾ?

ಬಲಪಥ

ಮ್ಯಾಪ್ ಹೇಳುವುದು ರಸ್ತೆಯ ಮಾಮೂಲಿ ಮಿತಿ. ಬೋರ್ಡಿನ ಕೆಳಗಿನ ಚಿಕ್ಕ ಪಟ್ಟಿಯನ್ನು ಅದು ಓದಲ್ಲ. ರಾತ್ರಿ 22ರಿಂದ 6ರವರೆಗೆ ಮಾತ್ರ 30, ರಸ್ತೆ ಒದ್ದೆಯಿದ್ದಾಗ ಮಾತ್ರ 80, ಬೈಕಿಗೆ ಮಾತ್ರ 60: ಇವೆಲ್ಲ ಪಟ್ಟಿಯಲ್ಲೇ ಇರುತ್ತವೆ. ಕೊನೆಯದನ್ನು ಗಮನಿಸಿ. 60ರ ಕೆಳಗೆ ಬೈಕಿನ ಚಿತ್ರ ಇದ್ದರೆ ಪಕ್ಕದ ಕಾರು 100ರಲ್ಲಿ ಹೋಗಬಹುದು, ನೀವು ಹೋಗುವಂತಿಲ್ಲ. ಕಾರಿನ ಹಿಂದೆ ಹಿಂದೆ ಹೋದರೆ ಬಚಾವು ಅನ್ನುವ ನಮ್ಮ ಲೆಕ್ಕ ಅಲ್ಲಿ ಕೈಕೊಡುತ್ತದೆ.

ಸ್ಪೀಡೋಮೀಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಯುರೋಪಿನ ನಿಯಮದಂತೆ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು. ಹಾಗಾಗಿ ಮೀಟರಿನಲ್ಲಿ 50 ಅಂದರೆ ರಸ್ತೆಯಲ್ಲಿ 46, 47 ಇದ್ದೀತು. ಅದನ್ನು ಲಾಭ ಅಂತ ಖರ್ಚು ಮಾಡಬೇಡಿ, ಕೈಯಲ್ಲಿ ಉಳಿಸಿಕೊಳ್ಳಿ.

ಅರ್ಜಿ ನಮೂನೆ

ಐಡಿಪಿ ಬಗ್ಗೆ. ಸಾರಥಿ ಪೋರ್ಟಲ್‌ನಲ್ಲಿ ನಮೂನೆ 4ಎ, ಶುಲ್ಕ 1000 ರೂಪಾಯಿ. ಅವಧಿ ಒಂದು ವರ್ಷ, ಅಥವಾ ನಿಮ್ಮ ಡಿಎಲ್ ಅದಕ್ಕೂ ಮೊದಲು ಮುಗಿದರೆ ಅಲ್ಲಿಯವರೆಗೆ. ಐಡಿಪಿ ಅನ್ನುವುದು ಡಿಎಲ್‌ನ ಅನುವಾದ ಇದ್ದಹಾಗೆ, ಒಂಟಿಯಾಗಿ ಅದಕ್ಕೆ ಬೆಲೆಯಿಲ್ಲ. ಮೂಲ ಸ್ಮಾರ್ಟ್ ಕಾರ್ಡ್ ಜೊತೆಗಿರಲೇಬೇಕು. ಮೊಬೈಲಿನ ಡಿಜಿಲಾಕರ್ ಪ್ರತಿಯನ್ನು ಅಲ್ಲಿನ ಪೊಲೀಸರು ಮೂಸಿಯೂ ನೋಡಲ್ಲ.

ಕೈಗೆ ಬಂದ ಕೂಡಲೇ ಕೊನೆಯ ಪುಟ ತೆಗೆಯಿರಿ. ಎ ಅಂದರೆ ಮೋಟಾರ್‌ಸೈಕಲ್, ಬಿ ಅಂದರೆ ಕಾರು. ಎ ಎದುರಿಗೆ ಮೊಹರು ಇದೆಯಾ? ಬಿ ಒಂದಕ್ಕೇ ಮೊಹರು ಬಿದ್ದಿದ್ದರೆ ಬೈಕಿನ ಮಟ್ಟಿಗೆ ನಿಮ್ಮ ಬಳಿ ಲೈಸೆನ್ಸ್ ಇಲ್ಲ ಎಂದೇ ಲೆಕ್ಕ. ಕೌಂಟರಿನಲ್ಲಿ ಬೈಕ್ ಕೊಡದೆ ವಾಪಸ್ ಕಳಿಸಿದರೆ ಅದು ಅದೃಷ್ಟ. ಕೊಟ್ಟು, ಮುಂದೆ ಅಪಘಾತವಾದರೆ, ವಿಮೆ ಕಂಪನಿ ಎದುರಿನವರಿಗೆ ಕೊಟ್ಟ ಹಣವನ್ನು ನಿಮ್ಮಿಂದ ವಸೂಲಿ ಮಾಡಬಹುದು. ಡಿಎಲ್‌ನಲ್ಲಿ ಗೇರ್ ಇರುವ ಬೈಕಿನ ವರ್ಗ ಇದೆಯಾ ಅಂತಲೂ ನೋಡಿ. ಗೇರಿಲ್ಲದ ಸ್ಕೂಟರ್ ಡಿಎಲ್ ಹಿಡಿದು 900 ಸಿಸಿ ಕೇಳುವವರಿದ್ದಾರೆ.

ಪ್ರವಾಸ ವಿಮೆಯಲ್ಲಿ 'ಮೋಟಾರ್‌ಸೈಕಲ್' ಅನ್ನುವ ಪದ ಎಲ್ಲಿದೆ ಹುಡುಕಿ. ಹಲವು ಪಾಲಿಸಿಗಳಲ್ಲಿ ಅದು ಸಿಗುವುದು ಹೊರಗಿಟ್ಟವುಗಳ ಪಟ್ಟಿಯಲ್ಲೇ. ಬಾಡಿಗೆಯವರು ಕೊಡುವ ವಿಮೆ ಬೈಕಿಗೆ ಮತ್ತು ಎದುರಿನವರಿಗೆ. ನಿಮ್ಮ ಮುರಿದ ಕಾಲರ್‌ಬೋನ್‌ಗೆ ಅದು ಬರಲ್ಲ.

ಹೆಲ್ಮೆಟ್: ಇಲ್ಲಿಂದ ಒಯ್ಯುವುದಾದರೆ ಒಳಗಡೆ ಹೊಲಿದಿರುವ ಚೀಟಿಯಲ್ಲಿ ಯುರೋಪಿನ ಮಾನದಂಡದ ಗುರುತು ಇಸಿಇ 22.05 ಅಥವಾ 22.06 ಇರಬೇಕು. ಬರೀ ಐಎಸ್‌ಐ ಗುರುತು ಇಟಲಿ, ಆಸ್ಟ್ರಿಯಾದಲ್ಲಿ ನಡೆಯುವುದಿಲ್ಲ.

ಹುಬ್ಳಿ ಗೇರ್

ಬಲಗಡೆ ಓಡಸೂದು ಅಂದ್ರ ಎಲ್ಲಾರೂ ಹೆದರತಾರ. ನಾಕು ಗಾಡಿ ಮುಂದ ಇದ್ರ ಏನೂ ಆಗಂಗಿಲ್ರಿ, ಅವರ ಹಿಂದ ಹೋಗ್ತೀರಿ. ತಪ್ಪು ಆಗೂದು ರಸ್ತೆ ಖಾಲಿ ಇದ್ದಾಗ. ಬೆಳಿಗ್ಗೆ ಏಳಕ್ಕ ಪೆಟ್ರೋಲ್ ಬಂಕಿನಿಂದ ಹೊರಗ ಬರತೀರಿ, ಎರಡೂ ಕಡೆ ಒಂದು ಗಾಡಿ ಇಲ್ಲ, ಕೈ ತಾನ ಎಡಕ್ಕ ಎಳೀತೈತಿ. ಚಹಾ ಕುಡದು ಎದ್ದಾಗ, ಫೋಟೋ ತೆಗಿಯಾಕ ನಿಂತು ಹೊಂಟಾಗ, ಯು ಟರ್ನ್ ಹೊಡದಾಗ, ಈ ಮೂರರಾಗ ಹುಷಾರ್ ಇರ್ರಿ. ಎಡ ಕನ್ನಡಿ ಮ್ಯಾಲ ಒಂದು ಕೆಂಪು ಟೇಪ್ ಅಂಟಸ್ರಿ. ರಸ್ತೆ ನಡುವಿನ ಗೆರಿ ಯಾವಾಗ್ಲೂ ಆ ಟೇಪಿನ ಕಡೆ ಇರಬೇಕು, ಅಷ್ಟ.

ವೃತ್ತ ಅಂದ್ರ ಗಡಿಯಾರದ ಉಲ್ಟಾ ತಿರಗೂದು. ಒಳಗ ಇದ್ದಾಂವಗ ಮೊದಲ ಹಕ್ಕು, ಅಂವ ನಿಮ್ಮ ಎಡಕ್ಕಿಂದ ಬರತಾನ. ನಾವು ಇಲ್ಲೆ ಬಲಕ್ಕ ನೋಡಿ ನೋಡಿ ರೂಢಿ, ಅಲ್ಲೆ ಬಲಕ್ಕ ನೋಡಿದ್ರ ಏನೂ ಕಾಣಂಗಿಲ್ಲ, ನುಗ್ಗಿಬಿಡ್ತೀರಿ. ಮತ್ತ ಫ್ರೀ ಲೆಫ್ಟ್ ಅನ್ನೂದನ್ನ ತಲಿಯಿಂದ ತಗೀರಿ. 'ಫ್ರೀ ರೈಟ್' ಅಂತ ಅಲ್ಲೆ ಏನೂ ಇಲ್ಲ. ಕೆಂಪು ಅಂದ್ರ ಕೆಂಪು. ಜರ್ಮನಿಯಾಗ ಸಿಗ್ನಲ್ ಪಕ್ಕದಾಗ ಕಪ್ಪು ತಗಡಿನ ಮ್ಯಾಲ ಹಸಿರು ಬಾಣ ಇದ್ರ ಮಾತ್ರ, ಪೂರ್ತಿ ನಿಂತು, ನೋಡಿ, ಬಲಕ್ಕ ತಿರಗಬಹುದು.

ಬಲಪಥ

ಹುಬ್ಳಿಯವರು ಹೇಳಿದ್ದಕ್ಕೆ ಸೇರಿಸುವುದು ಒಂದಿದೆ, ನನ್ನ ಪ್ರಕಾರ ನಮ್ಮವರಿಗೆ ಎಲ್ಲಕ್ಕಿಂತ ಅಪಾಯದ್ದು ಅದು. ಜರ್ಮನಿಯ ಹಳ್ಳಿಯೊಳಗೆ, ಮುಖ್ಯವಾಗಿ 30ರ ವಲಯದಲ್ಲಿ, ಬೋರ್ಡೂ ಇಲ್ಲದ ಸಿಗ್ನಲ್ಲೂ ಇಲ್ಲದ ಕೂಡುರಸ್ತೆ ಬಂದರೆ ಬಲಗಡೆಯಿಂದ ಬರುವವನದು ಮೊದಲ ಹಕ್ಕು. ನೀವು ಅಗಲ ರಸ್ತೆಯಲ್ಲಿ ನೇರ ಹೋಗುತ್ತಿದ್ದೀರಿ, ಬಲಕ್ಕೆ ಒಂದು ಸಂದಿ, ಅಲ್ಲಿಂದ ಅಜ್ಜಿಯೊಬ್ಬರು ಕಾರು ತಂದರೆ ನಿಲ್ಲಬೇಕಾದವರು ನೀವು. ಅವರು ನಿಮ್ಮತ್ತ ತಿರುಗಿಯೂ ನೋಡದೆ ಬರುತ್ತಾರೆ. ದುರಹಂಕಾರ ಅಲ್ಲ, ಅದು ಅವರ ಹಕ್ಕು.

ನಿಮಗೆ ಹಕ್ಕಿದೆ ಅಂತ ಹೇಳುವ ಬೋರ್ಡು ಬೇರೆ: ಬಿಳಿ ಅಂಚಿನ ಹಳದಿ ವಜ್ರಾಕೃತಿ. ಅದು ಕಂಡಿದ್ದರೆ, ಮುಂದೆ ರದ್ದಾಗುವ ತನಕ ನೀವು ಮುಖ್ಯರಸ್ತೆಯವರು. ಕಾಣದೆ ಇದ್ದರೆ ಪ್ರತಿ ಬಲ ಸಂದಿಗೂ ಬ್ರೇಕ್ ಮೇಲೆ ಬೆರಳು.

ಶಾಲಾ ಬಸ್ಸು ಅಥವಾ ಊರ ಬಸ್ಸು ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ನಿಂತಿದ್ದರೆ, ಜರ್ಮನಿಯಲ್ಲಿ ಅದರ ಪಕ್ಕ ನಡಿಗೆಯ ವೇಗದಲ್ಲಿ ಹೋಗಬೇಕು. ಎದುರು ಲೇನಿನಲ್ಲಿ ಬರುವವರೂ ಅಷ್ಟೇ.

ಟಿರೋಲ್ ಮಳೆ

ಸಿಲ್ಕ್ ಬೋರ್ಡ್ ಅಭ್ಯಾಸದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಸಾಲಾಗಿ ನಿಂತ ಗಾಡಿಗಳ ನಡುವೆ ನುಸುಳುವುದು ಜರ್ಮನಿಯಲ್ಲಿ ನಿಷಿದ್ಧ, ಸ್ವಿಟ್ಜರ್ಲೆಂಡಿನಲ್ಲಿ ಬೈಕಿನವರು ಸಾಲಿನಲ್ಲಿ ತಮ್ಮ ಜಾಗ ಬಿಡಬಾರದು ಅಂತ ಕಾನೂನಿನಲ್ಲೇ ಬರೆದಿದೆ. ಆಸ್ಟ್ರಿಯಾದಲ್ಲಿ ಮಾತ್ರ ಗಾಡಿಗಳು ಪೂರ್ತಿ ನಿಂತಿದ್ದು, ಜಾಗವಿದ್ದು, ತಿರುಗುವವರಿಗೆ ಅಡ್ಡಿಯಾಗದಿದ್ದರೆ ಮುಂದೆ ಹೋಗಿ ನಿಲ್ಲಬಹುದು.

ಮೋಟಾರುಹಾದಿಯಲ್ಲಿ ಟ್ರಾಫಿಕ್ ನಿಂತಿತು ಅಂದುಕೊಳ್ಳಿ. ಎಡತುದಿ ಲೇನಿನವರು ಎಡಕ್ಕೆ ಒತ್ತುತ್ತಾರೆ, ಉಳಿದವರು ಬಲಕ್ಕೆ. ನಡುವೆ ಚೊಕ್ಕವಾದ ದಾರಿ ಬಿಡುತ್ತದೆ. ಬೆಂಗಳೂರಿನ ಕಣ್ಣಿಗೆ ಅದು ಬೈಕಿಗೆಂದೇ ಬಿಟ್ಟ ದಾರಿ! ಅಲ್ಲ, ಆಂಬುಲೆನ್ಸಿಗೆ ಬಿಟ್ಟದ್ದು. ಅದರೊಳಗೆ ಬೈಕ್ ಓಡಿಸುವಂತಿಲ್ಲ, ಜರ್ಮನಿಯಲ್ಲೂ ಆಸ್ಟ್ರಿಯಾದಲ್ಲೂ. ಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಅರ್ಧ ಗಂಟೆ ನಿಲ್ಲಬೇಕು, ಬೇರೆ ದಾರಿಯಿಲ್ಲ. ಅಂದ ಹಾಗೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೇ ಪ್ರವೇಶವಿಲ್ಲ. ಹಾಗಾಗಿ ಮೋಟಾರುಹಾದಿಯ ಶಿಸ್ತು ಕಲಿಯುವುದಕ್ಕೆ ನಮ್ಮವರಿಗೆ ಊರಲ್ಲಿ ಜಾಗವೇ ಇಲ್ಲ. ಮೂರು ಮಾತು ನೆನಪಿಡಿ: ಬಲಬದಿಯ ಲೇನೇ ನಿಮ್ಮ ಮನೆ, ದಾಟಲು ಮಾತ್ರ ಎಡಕ್ಕೆ, ಬಲಗಡೆಯಿಂದ ಓವರ್‌ಟೇಕ್ ಬೇಡ, ಪೆಟ್ರೋಲ್ ಮುಗಿದು ಅಂಚಿನಲ್ಲಿ ನಿಂತರೂ ಜರ್ಮನಿಯಲ್ಲಿ ದಂಡ, ಯಾಕೆಂದರೆ ಅದು ತಪ್ಪಿಸಬಹುದಾಗಿದ್ದ ನಿಲುಗಡೆ. ಎಡ ಲೇನಿಗೆ ಹೋಗುವ ಮುಂಚೆ ಕನ್ನಡಿ ಸಾಲದು, ತಲೆ ತಿರುಗಿಸಿ ನೋಡಿ. ದೂರದಲ್ಲಿ ಚುಕ್ಕೆಯಂತೆ ಕಂಡ ಹೆಡ್‌ಲೈಟು 200ರಲ್ಲಿ ಬರುತ್ತಿರಬಹುದು.

ಆಸ್ಟ್ರಿಯಾ ಉಳಿದದ್ದು: ಊರ ಹಲಗೆ ಇಲ್ಲಿ ನೀಲಿ ಅಂಚಿನ ಬಿಳಿ ಹಲಗೆ, ಅರ್ಥ ಅದೇ 50. ಇನ್ಸ್‌ಬ್ರುಕ್ ಸುತ್ತ ಮೋಟಾರುಹಾದಿಯ ಮೇಲೆ 100ರ ಜೊತೆ 'ಐಜಿ-ಎಲ್' ಅಂತ ಬೆಳಗಿದರೆ ಅದು ಗಾಳಿ ಮಾಲಿನ್ಯದ ಮಿತಿ. ರಸ್ತೆ ಖಾಲಿಯಿದೆ, ಯಾಕೆ 100 ಅಂತ ತರ್ಕ ಬೇಡ. ಕೆಲವು ಕಡೆ ಎರಡು ಬಿಂದುಗಳ ನಡುವಿನ ಸರಾಸರಿ ವೇಗ ಅಳೆಯುತ್ತಾರೆ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಹಾಕುವ ವಿದ್ಯೆ ಅಲ್ಲಿ ನಡೆಯಲ್ಲ. ಪ್ರಥಮ ಚಿಕಿತ್ಸೆಯ ಪೊಟ್ಟಣ ಆಸ್ಟ್ರಿಯಾದಲ್ಲಿ ಬೈಕಿಗೂ ಕಡ್ಡಾಯ, ಸೀಟಿನ ಕೆಳಗೆ ಇದೆಯಾ ಅಂತ ಹೊರಡುವ ಮುಂಚೆ ಎತ್ತಿ ನೋಡಿ. ತೀರಾ ಅತಿ ವೇಗ ಅಂದರೆ ಮಿತಿಯನ್ನು ಊರೊಳಗೆ 60, ಊರಾಚೆ 70 ಕಿಲೋಮೀಟರಿಗಿಂತ ಹೆಚ್ಚು ಮೀರಿದರೆ 2024ರ ಮಾರ್ಚಿನಿಂದ ಗಾಡಿಯನ್ನೇ ಸ್ಥಳದಲ್ಲಿ ವಶಕ್ಕೆ ತಗೊಳ್ಳುತ್ತಾರೆ.

ಘಾಟಿರಸ್ತೆ

ವಿನ್ಯೆಟ್ ಅಂತ ಓದಿದೆ, ಅದು ಬೈಕಿಗೂ ಬೇಕಾ? ಬ್ರೆನ್ನರ್‌ಗೆ ಬೇರೆ ಟೋಲ್ ಅಂತಲೂ ಇದೆ. ಗೊಂದಲ.

ಟಿರೋಲ್ ಮಳೆ

ಬೇಕು. ಮೋಟಾರುಹಾದಿ ಬಳಸಲು ಮೊದಲೇ ಕಟ್ಟುವ ಶುಲ್ಕದ ಚೀಟಿ ಅದು, ಒಂದೊಂದು ಬೈಕಿಗೆ ಒಂದೊಂದು. ಆಸ್ಟ್ರಿಯಾದಲ್ಲಿ ಬೈಕಿಗೆ 10 ದಿನದ್ದು ಅಗ್ಗ. ಡಿಜಿಟಲ್ ತಗೊಂಡರೆ ಅದು ನಂಬರ್ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಬಾಡಿಗೆ ಬೈಕಿನ ನಂಬರ್ ಕೈಗೆ ಕೀ ಬರುವ ತನಕ ಗೊತ್ತಿರಲ್ಲ, ಆದ್ದರಿಂದ ಕೌಂಟರಿನಲ್ಲೇ ನಿಂತು, ಪ್ಲೇಟ್ ನೋಡುತ್ತ ತುಂಬಿ. 'ಓ' ಅಕ್ಷರಕ್ಕೂ ಸೊನ್ನೆಗೂ ಅದಲುಬದಲಾದರೆ ವಿನ್ಯೆಟ್ ಇಲ್ಲದ ಲೆಕ್ಕ. ದೇಶ ಜರ್ಮನಿ ಅಂತ ಆರಿಸಿ. ಅಧಿಕೃತ ತಾಣ ಅಲ್ಲಿನ ಮೋಟಾರುಹಾದಿ ಕಂಪನಿ ಆಸ್‌ಫಿನಾಗ್‌ನದು. ಹುಡುಕಿದಾಗ ಮೇಲೆ ಬರುವ ದಲ್ಲಾಳಿ ತಾಣಗಳು ಸುಮ್ಮನೆ ಹೆಚ್ಚು ಕೀಳುತ್ತವೆ.

ಇನ್ಸ್‌ಬ್ರುಕ್‌ನಿಂದ ಬ್ರೆನ್ನರ್‌ಗೆ ಹೋಗುವ ಎ13ಕ್ಕೆ ವಿನ್ಯೆಟ್ ಲೆಕ್ಕವಿಲ್ಲ, ಪ್ರತ್ಯೇಕ ಟೋಲ್. ಪಕ್ಕದಲ್ಲೇ ಹಳೇ ಬ್ರೆನ್ನರ್ ರಸ್ತೆ ಬಿ182 ಇದೆ. ಟೋಲೂ ಇಲ್ಲ, ವಿನ್ಯೆಟ್ಟೂ ಇಲ್ಲ, ಬೈಕಿಗೆ ಅದೇ ಚೆಂದ. ಆದರೆ ಬೇಸಿಗೆಯ ವಾರಾಂತ್ಯಗಳಲ್ಲಿ ಮೋಟಾರುಹಾದಿಯಿಂದ ಇಳಿದು ಹಳ್ಳಿಗಳ ಮೂಲಕ ಅಡ್ಡದಾರಿ ಹಿಡಿಯುವ ದೂರದ ಗಾಡಿಗಳನ್ನು ತಡೆಯುತ್ತಾರೆ, ಹಾಗಾಗಿ ಬ್ರೆನ್ನರನ್ನು ವಾರದ ದಿನಕ್ಕೆ ಇಟ್ಟುಕೊಳ್ಳಿ. ವಾಪಸ್ ಬರುವಾಗ ಬ್ರೆಗೆನ್ಸ್ ಬಳಿ ಹೋಹೆನೆಮ್ಸ್‌ನಿಂದ ಜರ್ಮನ್ ಗಡಿವರೆಗಿನ ಎ14 ತುಂಡಿಗೆ 2019ರ ಡಿಸೆಂಬರ್‌ನಿಂದ ವಿನ್ಯೆಟ್ ಬೇಡ.

ಸ್ವಿಸ್ ವಿನ್ಯೆಟ್ ಕತೆ ಬೇರೆ: ವರ್ಷದ್ದು ಒಂದೇ, 40 ಫ್ರಾಂಕ್, ಬೈಕಿಗೂ ಕಾರಿಗೂ ಒಂದೇ ದರ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ಟೂ ಕೊಳ್ಳಬೇಕು. ನಿಮ್ಮ ಸ್ವಿಸ್ ಭಾಗ ಬಹುತೇಕ ಪಾಸ್ (ಘಾಟಿ) ರಸ್ತೆಗಳೇ, ಹಸಿರು ಬೋರ್ಡಿನ ಹಾದಿಗೆ ಹತ್ತದಿದ್ದರೆ ಅದು ಬೇಕಾಗುವುದಿಲ್ಲ. ಬಣ್ಣ ನೆನಪಿಡಿ: ಮೋಟಾರುಹಾದಿಯ ಬೋರ್ಡು ಜರ್ಮನಿ, ಆಸ್ಟ್ರಿಯಾದಲ್ಲಿ ನೀಲಿ, ಇಟಲಿ, ಸ್ವಿಟ್ಜರ್ಲೆಂಡಿನಲ್ಲಿ ಹಸಿರು. ಗಡಿ ದಾಟಿದ ಮೇಲೆ ನೀಲಿ ಕಂಡರೆ ಅದು ಸಾಮಾನ್ಯ ಹೆದ್ದಾರಿ.

ಹುಬ್ಳಿ ಗೇರ್

ಇಟಲಿ ನಾ ಹೇಳ್ತೇನ್ರಿ. ಆಟೋಸ್ಟ್ರಾಡಾ ಹತ್ತಿದ್ರ ಟಿಕೇಟ್ ತಗೊಂಡು ಇಳಿಯುವಾಗ ರೊಕ್ಕ ಕೊಡೂದು. ಹಳದಿ ಬೋರ್ಡಿನ ಟೆಲಿಪಾಸ್ ಲೇನಿಗೆ ಹೋಗಬ್ಯಾಡ್ರಿ, ಅದು ಯಂತ್ರ ಇದ್ದವರಿಗೆ. ಗೇಟಿನ ಮುಂದ ಗ್ಲೌಸ್ ಬಿಚ್ಚಿ, ಟಿಕೇಟ್ ಹುಡುಕಿ, ಕಾರ್ಡ್ ತಗದು, ಹಿಂದಿನಾಂವ ಹಾರ್ನ್ ಹೊಡದು, ಅಷ್ಟರಾಗ ಟಿಕೇಟ್ ಗಾಳಿಗೆ ಹಾರತೈತಿ. ಟಿಕೇಟ್ ಕಳದ್ರ ಅತೀ ದೂರದ ದರ ಹಾಕಬಹುದು. ತಗೊಂಡ ಕೂಡ್ಲೆ ಎಡಗೈ ತೋಳಿನ ಜಿಪ್ ಕಿಸೆದಾಗ, ಕಾರ್ಡೂ ಅಲ್ಲೇ. ಬ್ಯಾರೆ ಕಿಸೆ ಬ್ಯಾಡ.

ಊರಾಗ ಕೆಂಪು ವೃತ್ತ, ನಡುವ ಬಿಳಿ, ಕೆಳಗ 'ಝೋನಾ ಆ ಟ್ರಾಫಿಕೋ ಲಿಮಿಟಾಟೋ' ಅಂತ ಇದ್ರ ಅದು ಊರವರಿಗೆ ಅಷ್ಟ. ಕ್ಯಾಮೆರಾ ಐತಿ, ಪೊಲೀಸ್ ಇರಂಗಿಲ್ಲ. ಕೆಲವು ಊರಾಗ ಬೈಕಿಗೆ ಬಿಡ್ತಾರ, ಕೆಲವುದ್ರಾಗ ಬಿಡಂಗಿಲ್ಲ. ಬೋರ್ಡಿನ ಕೆಳಗಿನ ಚಿತ್ರ ನೋಡ್ರಿ, ತಿಳೀಲಿಲ್ಲಂದ್ರ ಹೊರಗ ನಿಲ್ಲಸ್ರಿ. ವಿದೇಶದವರಿಗೆ ನೋಟಿಸ್ ಕಳಸಾಕ ಅವರಿಗೆ 360 ದಿವಸ ಟೈಮ್ ಐತಿ. ಮನಿಗೆ ಬಂದು ಮರತ ಮ್ಯಾಲ ಬರತೈತಿ, ಬಾಡಗಿಯವರು ಹೆಸರು ಕೊಟ್ಟಿದ್ದಕ್ಕ ತಮ್ಮ ಚಾರ್ಜ್ ಬ್ಯಾರೆ ಹಾಕ್ತಾರ.

ಸ್ಪೀಡ್ ದಂಡ: 10 ಕಿ.ಮೀ. ಒಳಗ ಮೀರಿದ್ರ 42 ಯೂರೋದಿಂದ ಶುರು, 10 ದಾಟಿ 40ರ ತನಕ 173ರಿಂದ. ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ಮೂರನೇ ಒಂದು ಪಾಲು ಹೆಚ್ಚಿಗಿ. ಐದು ದಿನದಾಗ ಕಟ್ಟಿದ್ರ ಶೇ. 30 ಬಿಡ್ತಾರ. ಜರ್ಮನ್ ಪ್ಲೇಟ್ ಗಾಡಿ ಅಲ್ಲೆ ವಿದೇಶದ್ದು, ಅದಕ್ಕ ರಸ್ತೆದಾಗ ಹಿಡದ್ರ ಅಲ್ಲೇ ಕಟ್ಟಸ್ಕೋತಾರ. ರಸೀದಿ ಬಿಡಬ್ಯಾಡ್ರಿ.

ಪೋಸ್ಟ್‌ಬಸ್ಸು

ಈಗ ಸ್ವಿಟ್ಜರ್ಲೆಂಡ್ ಮತ್ತು ಪಾಸ್‌ಗಳು. ಉಂಬ್ರೈಲ್ ತುದಿಯಲ್ಲೇ ಗಡಿ, 2501 ಮೀಟರ್. ಕಾಣದಷ್ಟು ಸಲೀಸಾಗಿ ದೇಶ ಬದಲಾಗುತ್ತದೆ, ಊರಾಚೆಯ ಮಿತಿ 90ರಿಂದ 80ಕ್ಕೆ ಇಳಿಯುತ್ತದೆ. ಇಲ್ಲಿ ಜರ್ಮನಿಯಲ್ಲಿ ಕಲಿತದ್ದನ್ನು ಸ್ವಲ್ಪ ಮರೆಯಬೇಕು: 50 ಶುರುವಾಗುವುದು ಊರ ಹೆಸರಿನ ಹಲಗೆಯಿಂದಲ್ಲ, '50' ಅಂಕಿಯಿರುವ ಪ್ರತ್ಯೇಕ ಬೋರ್ಡಿನಿಂದ. ಬೋರ್ಡೇ ಇಲ್ಲದ ಸಣ್ಣ ದಾರಿಯಿಂದ ಊರಿಗೆ ಇಳಿದರೆ ಮನೆಗಳು ಒತ್ತಾದ ಕಡೆಯಿಂದ 50.

ದಂಡಗಳು ಕಣ್ಣಿಗೆ ಕುಕ್ಕುತ್ತವೆ. ಊರೊಳಗೆ 5ರೊಳಗೆ ಮೀರಿದರೆ 40 ಫ್ರಾಂಕ್, 10ರೊಳಗೆ 120, 15ರೊಳಗೆ 250. ಅದಕ್ಕೂ ಮೇಲೆ ಚೀಟಿಯಲ್ಲಿ ಮುಗಿಯಲ್ಲ, ಪ್ರಕರಣವಾಗುತ್ತದೆ. 80ರ ರಸ್ತೆಯಲ್ಲಿ 140 ಮುಟ್ಟಿದರೆ, 50ರಲ್ಲಿ 100 ಮುಟ್ಟಿದರೆ ಅದು 4 ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಪಾಸ್ ರಸ್ತೆಯ ನೇರ ತುಂಡಿನಲ್ಲಿ 900 ಸಿಸಿ ಬೈಕಿಗೆ 140 ಅಂದರೆ ಮೂರನೇ ಗೇರು, ಕೆಲವೇ ಸೆಕೆಂಡು. ಕ್ಯಾಮೆರಾ ಇರುವ ಜಾಗ ಹೇಳುವ ಆ್ಯಪ್ ಕೂಡ ಇಲ್ಲಿ ನಿಷಿದ್ಧ, ಗಡಿಗೆ ಮುಂಚೆ ಫೋನಿನಲ್ಲಿ ಆರಿಸಿ.

ನೀಲಿ ಹಲಗೆ ಮೇಲೆ ಹಳದಿ ಕಹಳೆಯ ಚಿತ್ರ ಕಂಡರೆ ಅದು ಗುಡ್ಡದ ಅಂಚೆರಸ್ತೆ. ಹಳದಿ ಅಂಚೆ ಬಸ್ಸಿಗೆ ಅಲ್ಲಿ ಮೊದಲ ಹಕ್ಕು, ಚಾಲಕ ನಿಲ್ಲು ಎಂದರೆ ನಿಲ್ಲಬೇಕು, ಹಿಂದೆ ಹೋಗು ಎಂದರೆ ಹೋಗಬೇಕು. ಕುರುಡು ತಿರುವಿನ ಮುಂಚೆ ಬಸ್ಸು ಮೂರು ಸ್ವರದ ಹಾರ್ನ್ ಹಾಕುತ್ತದೆ. ಕೇಳಿದ ತಕ್ಷಣ ತಿರುವಿಗೆ ಹೋಗದೆ ಹೊರಗೇ ನಿಲ್ಲಿ, ಯಾಕೆಂದರೆ ಅದಕ್ಕೆ ತಿರುಗಲು ಎರಡೂ ಲೇನು ಬೇಕು. ಇಕ್ಕಟ್ಟಿನ ಇಳಿಜಾರಿನಲ್ಲಿ ಇಬ್ಬರಿಗೂ ಜಾಗವಿಲ್ಲದಿದ್ದರೆ ಇಳಿಯುವವನು ಮೊದಲು ನಿಲ್ಲಬೇಕು, ಹತ್ತುವವನಿಗೆ ದಾರಿ.

ಸ್ಟೆಲ್ವಿಯೊ 2757 ಮೀಟರ್, ಪ್ರಾಡ್ ಕಡೆಯಿಂದ 48 ಹೇರ್‌ಪಿನ್, ಪ್ರತಿಯೊಂದಕ್ಕೂ ಸಂಖ್ಯೆಯ ಹಲಗೆ. ನಮ್ಮ ಆಗುಂಬೆಯಲ್ಲಿ ಎಡಗಡೆ ಓಡಿಸುತ್ತ ಹತ್ತುವಾಗ ಎಡ ತಿರುವು ಬಿಗಿ, ಬಲ ತಿರುವು ಅಗಲ. ಇಲ್ಲಿ ಉಲ್ಟಾ, ಬಲ ಹೇರ್‌ಪಿನ್ನೇ ಬಿಗಿ ಮತ್ತು ಕಡಿದು. ಬೈಕ್ ಬೀಳುವುದು ಬಹುತೇಕ ಅಲ್ಲೇ, ಅದೂ ಹತ್ತು ಕಿಲೋಮೀಟರ್ ವೇಗದಲ್ಲಿ. ಕಾರಣ ಇಷ್ಟೇ: ಎರಡನೇ ಗೇರಿನಲ್ಲಿ ಒಳಗೆ ಹೋಗಿ, ನಡುವೆ ಎದುರು ಕಾರು ಕಂಡು ಮುಂದಿನ ಬ್ರೇಕ್ ಹಿಡಿದರೆ, ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿರುವಾಗ ಬೈಕ್ ಒಳಗಡೆಗೆ ಒರಗುತ್ತದೆ. ಇಳಿಜಾರಿನ ಬದಿಯಲ್ಲಿ ಬಲಗಾಲಿಗೆ ನೆಲ ಸಿಗಲ್ಲ. ಸರಿಯಾದ ಕ್ರಮ: ತಿರುವಿಗೆ ಮುಂಚೆ ತಲೆಯೆತ್ತಿ ಮೇಲಿನ ತುಂಡು ರಸ್ತೆ ನೋಡಿ. ಬಸ್ಸೋ ಕ್ಯಾಂಪರ್ ವ್ಯಾನೋ ಇಳಿಯುತ್ತಿದ್ದರೆ ಕೆಳಗೇ ನೇರ ನಿಂತು ಕಾಯಿರಿ. ಖಾಲಿಯಿದ್ದರೆ ಮೊದಲ ಗೇರ್, ನಡುಗೆರೆಯ ಹತ್ತಿರದಿಂದ ಆದರೆ ಅದನ್ನು ಮುಟ್ಟದೆ ಒಳಗೆ ಹೋಗಿ, ಕ್ಲಚ್ ಅರ್ಧ ಬಿಟ್ಟು ಎಂಜಿನ್ ಎಳೆಯುತ್ತಿರಲಿ, ವೇಗ ಇಳಿಸಲು ಹಿಂದಿನ ಬ್ರೇಕ್ ಮಾತ್ರ. ಗಲ್ಲ ಬಲಭುಜದ ಮೇಲೆ ಬರುವಷ್ಟು ತಿರುಗಿ ರಸ್ತೆಯ ತುದಿ ನೋಡಿ.

ಸೈಕಲ್ ಸವಾರರು ಬಹಳ. ಜರ್ಮನಿಯಲ್ಲಿ ಅವರನ್ನು ದಾಟುವಾಗ ಊರೊಳಗೆ 1.5, ಊರಾಚೆ 2 ಮೀಟರ್ ಅಂತರ ಬೇಕು. ನಡುಗೆರೆ ತುಂಡಾಗದ ಬಿಳಿ ಗೆರೆಯಾಗಿದ್ದು, ಅದನ್ನು ತುಳಿಯದೆ ಅಷ್ಟು ಅಂತರ ಸಿಗದಿದ್ದರೆ ಹಿಂದೆಯೇ ಹೋಗಬೇಕು. ಎಷ್ಟು ಹೊತ್ತಾದರೂ.

ರಕ್ತದಲ್ಲಿ ಮದ್ಯದ ಮಿತಿ ನಾಲ್ಕೂ ಕಡೆ ಸಾವಿರಕ್ಕೆ 0.5, ನಮ್ಮಲ್ಲಿ 0.3. ಹೆಚ್ಚಿದೆ ಅಂತ ಮಧ್ಯಾಹ್ನ ಬಿಯರ್ ಬೇಡ.

ಘಾಟಿರಸ್ತೆ

ಎಲ್ಲರಿಗೂ ನಮಸ್ಕಾರ. ಪಟ್ಟಿಯ ಜೊತೆ ಬೋರ್ಡುಗಳ ಚಿತ್ರವನ್ನೂ ಬಿಡಿಸಿ ಅಂಟಿಸ್ತೀನಿ. ಇನ್ನೊಂದೇ: ಶುಕ್ರವಾರ ಮೊದಲ ದಿನ, ಮ್ಯೂನಿಕ್‌ನಿಂದ ಹೊರಬರಲು ಆಟೋಬಾನ್ ಒಳ್ಳೆಯದಾ, ಹಳ್ಳಿರಸ್ತೆಯಾ?

ಬಲಪಥ

ಬಲಗಡೆಗೆ ಹೊಸಬರಾದರೆ ಆಟೋಬಾನ್ 95. ಎದುರು ಗಾಡಿ ಇಲ್ಲ, ಕೂಡುರಸ್ತೆ ಇಲ್ಲ, ಬಲ ಲೇನಿನಲ್ಲಿ ಲಾರಿಯಿಂದ ಎರಡು ಸೆಕೆಂಡ್ ಹಿಂದೆ 90ರಲ್ಲಿ ಅರ್ಧ ಗಂಟೆ ಹೋದರೆ ಬೈಕಿನ ತೂಕ, ಬ್ರೇಕು ಕೈಗೆ ಹತ್ತುತ್ತದೆ. ಕೊಖೆಲ್ ಬೋರ್ಡ್ ನೋಡಿ ಇಳಿಯಿರಿ. ಇಳಿದ ಕೂಡಲೇ ವೇಗ ಕಡಿಮೆಯಾದಂತೆ ಅನ್ನಿಸಿದರೂ ಮೀಟರ್ ನೋಡಿ, ಅರ್ಧ ಗಂಟೆ ಜೋರಾಗಿ ಹೋದ ಕಣ್ಣಿಗೆ 80 ಕೂಡ 50ರ ಹಾಗೆ ಕಾಣುತ್ತದೆ. ಮೊದಲ ಹಳದಿ ಹಲಗೆ ಬರುವುದು ಅಲ್ಲೇ.